ಸಿಕ್ಲಿಡ್‌ಗಳ ಊಟೋಪಚಾರ

ಬೇರೆಯವರಿಗೆ ಉಣಬಡಿಸುವ ವಿಷಯದಲ್ಲಿ ನನಗೆ ನನ್ನ ಬಗ್ಗೆ ಸ್ವಲ್ಪ ಹೆಚ್ಚೇ ಅಭಿಮಾನವಿತ್ತು. ಹಾಡಲು ಬಾರದು. ರಂಗೋಲಿ ಹಾಕಿದರೆ ಎಳೆಗಳು ಒಂದಕ್ಕೊಂದು ಮುನಿಸಿಕೊಂಡಂತೆ ಕಾಣುತ್ತವೆ. ಆದರೆ ಎದುರಿಗೆ ಕುಳಿತವರ ತಟ್ಟೆ ಖಾಲಿಯಾಗದಂತೆ ನೋಡಿಕೊಳ್ಳುವುದು ಮಾತ್ರ ಹುಟ್ಟಿನಿಂದ ಬಂದ ಕಲೆ ಎಂದು ನಂಬಿದ್ದೆ. ‘ಸಾಕು’ ಎನ್ನುವ ಮಾತನ್ನು ಸಂಕೋಚದ ಒಂದು ರೂಪವೆಂದೇ ತಿಳಿದಿದ್ದೆ. ಹಲ್ಲುನೋವಿನವರು, ಉಪವಾಸದವರು, ಈಗಷ್ಟೇ ಬೀಗರ ಮನೆಯಲ್ಲಿ ಹೋಳಿಗೆ ಉಂಡು ಬಂದವರು, ಎಲ್ಲರೂ ಹುಮನಾಬಾದಿನ ನಮ್ಮ ಮನೆಯಲ್ಲಿ ಏನಾದರೂ ತಿಂದೇ ಹೊರಬಿದ್ದಿದ್ದಾರೆ. ಮೇಲಾಗಿ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಗೃಹವಿಜ್ಞಾನ ಕಲಿಸುವವಳು. ಯಾವ ವಯಸ್ಸಿಗೆ ಯಾವ ಆಹಾರ ಎಂದು ಕರಿಹಲಗೆಯ ಮೇಲೆ ಬರೆದು ಬರೆದು ಬೆರಳು ಬೆಳ್ಳಗಾದವಳು. ಇಂಥ ನನ್ನನ್ನು ಕಿರುಬೆರಳಿಗಿಂತ ತುಸು ಉದ್ದವಿದ್ದ ಎರಡು ಮೀನುಗಳು ಬಾಯಿ ಬಿಡದಂತೆ ಮಾಡಿದವು.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನವಿಡೀ ಊರವರ ಮಾತನ್ನು ಒಂದು ತೂತಿನಿಂದ ಇನ್ನೊಂದು ತೂತಿಗೆ ದಾಟಿಸಿ ಮನೆಗೆ ಬಂದ ಮೇಲೆ ತಾವು ಆಡಲು ಮಾತೇ ಉಳಿದಿರುತ್ತಿರಲಿಲ್ಲ. ಅವರು ಒಂದು ಮುಂಜಾನೆ ಮಿಕ್ಸರ್ ತರುತ್ತೇನೆಂದು ಹೈದರಾಬಾದಿಗೆ ಹೋದರು. ಸಂಜೆ ಬಸ್ಸಿನಿಂದಿಳಿದು ಬಂದಾಗ ಕೂಲಿಯವನ ತಲೆಯ ಮೇಲೊಂದು ಗಾಜಿನ ಪೆಟ್ಟಿಗೆ, ಅವರ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ.

“ಮಿಕ್ಸರ್ ಎಲ್ಲದರಿ?” ಎಂದೆ.

“ಸಿಕ್ಲಿಡ್,” ಎಂದರು.

ನಮ್ಮ ಅತ್ತೆಗೆ ಕಿವಿ ತುಸು ಮಂದ. “ಸಿಕ್ಕಿಲ್ಲೇನು? ಹೋಗ್ಲಿ ಬಿಡಪ್ಪ, ಮುಂದಿನ ಸಲ ಸಿಗತದ,” ಎಂದು ಮಗನಿಗೆ ಸಮಾಧಾನ ಹೇಳಿದರು.

“ಸಿಕ್ಕಿಲ್ಲ ಅಲ್ಲವ್ವಾ, ಸಿಕ್ಲಿಡ್. ಮೀನ. ಕುಳ್ಳ ಜಾತಿದು.”

“ಸಿಕ್ಕಿಲ್ಲ ಅಂದ್ರ ಮತ್ತ ಈ ಚೀಲದಾಗ ಇದ್ದದ್ದೇನು?” ಎಂದರು ಅತ್ತೆ.

ಇದು ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ನಾನು, ಮಿಕ್ಸರ್ ಬಿಟ್ಟು ಇವನ್ನು ಯಾಕೆ ತಂದಿರಿ ಎಂದು ಕೇಳಿದೆ. ಅವರು ಬಹಳ ಯೋಚಿಸಿ, “ಇವು ಮಾತಾಡಂಗಿಲ್ಲ,” ಎಂದರು. ನಮ್ಮದು ಲಿಂಗಾಯತರ ಮನೆ. ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಅತ್ತೆ ದಿನಾ ಲಿಂಗಪೂಜೆಯಾಗದೆ ನೀರನ್ನೂ ಕುಡಿಯದವರು. ಅವರೇನು ಹೇಳುತ್ತಾರೋ ಎಂದು ನಾವಿಬ್ಬರೂ ನೋಡಿದೆವು. “ತಿನ್ನಾಕ ತಂದಿಲ್ಲಲ್ಲ, ನೋಡಾಕ ತಂದಾನ. ಇರ್ಲಿ,” ಎಂದರು.

ಪಡಸಾಲೆಯ ಕಟ್ಟೆಯ ಮೇಲೆ ಪೆಟ್ಟಿಗೆ ಕೂತಿತು. ತಳಕ್ಕೆ ತೊಳೆದ ಮರಳು, ಮೂಲೆಯಲ್ಲಿ ಅಂಚು ಒಡೆದ ಸಣ್ಣ ಗಡಿಗೆಯೊಂದನ್ನು ಬೋರಲು ಹಾಕಿದೆವು. ಗಂಡು ಉದ್ದ, ಬಾಲದ ಮೇಲೆ ಕಾಡಿಗೆ ಬೊಟ್ಟು ಇಟ್ಟ ಹಾಗೆ ಚುಕ್ಕೆ. ಹೆಣ್ಣು ಗಿಡ್ಡ, ಗುಂಡಗೆ, ಹೊಟ್ಟೆಯ ಮೇಲೆ ಕುಂಕುಮ ಕಲಸಿ ಒರೆಸಿದಂಥ ಕೆಂಪು. ಅಂಗಡಿಯವನು ಕೊಟ್ಟ ಒಣ ಆಹಾರದ ಪೊಟ್ಟಣದಿಂದ ಒಂದು ಚಿಟಿಕೆ ಹಾಕಿದೆ. ಗಂಡು ಬಂದಿತು, ಒಂದು ಚೂರನ್ನು ಬಾಯಿಗೆ ತೆಗೆದುಕೊಂಡಿತು, ಕೆನ್ನೆಯಾಡಿಸಿತು, ನನ್ನ ಕಡೆ ಒಂದು ಸಲ ನೋಡಿತು, ಉಗುಳಿತು. ನಮ್ಮ ಮದುವೆಯಾದ ಹೊಸದರಲ್ಲಿ ಹಿರಿಯರೊಬ್ಬರು ನಾನು ಮಾಡಿದ ಸಾರನ್ನು ಬಾಯಲ್ಲಿಟ್ಟುಕೊಂಡು ಹೀಗೇ ನೋಡಿದ್ದರು. ಆದರೆ ಅವರು ಮರ್ಯಾದೆಗೆ ನುಂಗಿದ್ದರು.

ಮರುದಿನ ಜೋಳದ ರೊಟ್ಟಿಯ ಪುಡಿ ಹಾಕಿದೆ. ಉಗುಳಿದವು. ತೊಳೆದ ಅವಲಕ್ಕಿಯನ್ನೂ ಉಗುಳಿದವು. ನನ್ನ ಶೇಂಗಾ ಹಿಂಡಿಯನ್ನು, ಎಂದರೆ ಚಟ್ನಿಪುಡಿಯನ್ನು, ಊರಲ್ಲಿ ಯಾರೂ ಬೇಡ ಎಂದಿರಲಿಲ್ಲ; ಇವು ಎಂದವು. ಗೋಧಿ ಹುಗ್ಗಿಯನ್ನು ಬೆಲ್ಲ ಹಾಕುವ ಮೊದಲು ಸಾಸಿವೆಯಷ್ಟು ತೆಗೆದಿಟ್ಟು ಆರಿಸಿ ಕೊಟ್ಟೆ. ಹೆಣ್ಣು ಅದರ ಹತ್ತಿರಕ್ಕೂ ಬರಲಿಲ್ಲ. ನೀರು ಮಜ್ಜಿಗೆಯಂತಾಯಿತು. ಶಾಲೆಯಲ್ಲಿ ಸಮತೋಲನ ಆಹಾರದ ಪಾಠ ಮಾಡುವಾಗ ಧ್ವನಿ ಒಡೆಯತೊಡಗಿತು. ಮೀನುಗಳ ಬೆನ್ನು ತೆಳ್ಳಗಾಗಿ, ಗಡಿಗೆಯ ಬಾಯಿ ಬಿಟ್ಟು ಅವು ಹೊರಗೆ ಬರುವುದೇ ಕಡಿಮೆಯಾಯಿತು. ನಮ್ಮವರು ಮುಂಚೆ ಸುಮ್ಮನಿರುತ್ತಿದ್ದರು, ಈಗ ಬೇರೆ ಥರ ಸುಮ್ಮನಿರತೊಡಗಿದರು.

ಒಂದು ಮಧ್ಯಾಹ್ನ ನಲ್ಲಿಯಲ್ಲಿ ನೀರಿರಲಿಲ್ಲ. ಹಿತ್ತಲ ಬಚ್ಚಲ ಬಳಿ ನೀರು ತುಂಬಿಡುವ ಕಲ್ಲಿನ ದೋಣಿಯಿಂದ ಒಂದು ಚೆಂಬು ಮೊಗೆದು ತಂದು ಪೆಟ್ಟಿಗೆಗೆ ಸುರಿದೆ. ಆ ನೀರಿನಲ್ಲಿ ಅಲ್ಪವಿರಾಮ ಚಿಹ್ನೆಗಳಂಥವು ಏನೋ ನುಲಿದಾಡುತ್ತಿದ್ದವು. ಸೊಳ್ಳೆಯ ಮರಿ. ಅಯ್ಯೋ, ಎಂದುಕೊಳ್ಳುವಷ್ಟರಲ್ಲಿ ಗಡಿಗೆಯಿಂದ ಗಂಡು ಹೊರಬಂದಿತು. ಬಂದದ್ದು ನಾನು ಕಂಡಿದ್ದ ಮೀನಲ್ಲ. ರೆಕ್ಕೆಗಳು ಬಿಚ್ಚಿದ್ದವು, ಅವುಗಳ ಅಂಚಿಗೆ ಬಂಗಾರದ ಗೆರೆ ಇತ್ತೆಂದು ಆಗಲೇ ತಿಳಿದದ್ದು. ಅದು ನಿಂತಿತು. ನೀರಿನಲ್ಲಿ ಅಷ್ಟು ಅಲುಗದೆ ನಿಲ್ಲಲು ಸಾಧ್ಯವೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ಮಾತ್ರ ತಿರುಗಿತು. ಆಮೇಲೆ ಮೈ ತುಸು ಬಾಗಿದ್ದನ್ನು ಕಂಡೆ, ಮುಂದಿನದನ್ನು ಕಾಣಲಿಲ್ಲ. ಹುಳ ಇದ್ದಲ್ಲಿ ಹುಳವಿರಲಿಲ್ಲ. ಅದರ ಹಿಂದೆಯೇ ಹೆಣ್ಣು, ಹೊಟ್ಟೆಯ ಕೆಂಪು ಕೆಂಡವಾಗಿ. ನಾನು ಖಾಲಿ ಚೆಂಬು ಹಿಡಿದು ನಿಂತೇ ಇದ್ದೆ. ಇವು ಹಟ ಮಾಡಿರಲಿಲ್ಲ. ಅಲುಗದ ವಸ್ತು ಊಟವಾಗಿರಬಹುದು ಎಂಬ ವಿಚಾರವೇ ಇವುಗಳಿಗೆ ಬಂದಿರಲಿಲ್ಲ.

ಅಂದಿನಿಂದ ನಾನು ಹಿತ್ತಲಲ್ಲಿ ಸೊಳ್ಳೆ ಸಾಕತೊಡಗಿದೆ. ತೆಂಗಿನ ಚಿಪ್ಪು, ಒಡಕು ಬೋಗುಣಿ, ವನಸ್ಪತಿಯ ಹಳೆ ಡಬ್ಬಿ, ಯಾವುದೂ ವ್ಯರ್ಥವಾಗಲಿಲ್ಲ. ಶಾಲೆಯಲ್ಲಿ, “ನಿಂತ ನೀರನ್ನು ಕೂಡಲೇ ಚೆಲ್ಲಬೇಕು” ಎಂದು ಹುಡುಗಿಯರಿಂದ ಒಕ್ಕೊರಲಿನಲ್ಲಿ ಹೇಳಿಸುವುದು, ಮನೆಗೆ ಬಂದು ಯಾವ ಡಬ್ಬಿಯ ನೀರು ಎಷ್ಟು ಪಕ್ವವಾಗಿದೆ ಎಂದು ಇಣುಕುವುದು. ಅತ್ತೆಗೆ ಏನೂ ಹೇಳಿರಲಿಲ್ಲ. ಮೀನು ರೊಟ್ಟಿ ತಿನ್ನುತ್ತಿವೆಯೆಂದು ಅವರು ತಿಳಿದಿದ್ದರು.

ಹೀಗಿರುವಾಗ ಮನೆಮನೆ ತಿರುಗುವ ಮಲೇರಿಯಾ ಇಲಾಖೆಯ ನೌಕರ ಒಂದು ದಿನ ಹಿತ್ತಲಿಗೆ ಬಂದ. ಡಬ್ಬಿಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಗ್ಗಿ ನೋಡುತ್ತ ಹೋದ.

“ಟೀಚರ್, ಇವು ತಾವಾಗೇ ಹಿಂಗ ಸಾಲಾಗಿ ಕುಂತಾವೇನ್ರಿ?” ಎಂದ.

ನಾನು ಧ್ವನಿ ತಗ್ಗಿಸಿ, “ಮೀನಕ ಹಾಕಾಕ ಇಟ್ಟೀನ್ರಿ. ಅವು ಹುಳ ಬಿಟ್ರ ಬ್ಯಾರೆ ತಿನ್ನಂಗಿಲ್ಲ,” ಎಂದೆ.

ಬಾಗಿಲಲ್ಲಿ ನಿಂತು ಕೂಗಿದರೂ ಕೇಳಿಸದ ಅತ್ತೆಗೆ ಈ ಪಿಸುಮಾತು ಅಡುಗೆಮನೆಯಲ್ಲಿ ಸ್ವಚ್ಛವಾಗಿ ಕೇಳಿಸಿತು. ಆತ ಡಬ್ಬಿಗಳನ್ನೆಲ್ಲ ಬೋರಲು ಹಾಕಿ ಹೋದ. ಅತ್ತೆ ಹೊರಗೆ ಬಂದು ಒದ್ದೆ ನೆಲವನ್ನು ನೋಡಿ ಒಳಗೆ ಹೋದರು. ಸಂಜೆ ಮಗ ಬಂದು ಚಹಾ ಕುಡಿದಾದ ಮೇಲೆ ಸಮಾಧಾನದಿಂದಲೇ ಹೇಳಿದರು: “ಸಂಗಪ್ಪ, ನನಗ ಕಲ್ಯಾಣದ ಬಸ್ಸಿಗಿ ಕೂಡಸು. ತಮ್ಮನ ಮನಿಯಾಗ ಇರತೀನಿ. ಸಿಟ್ಟಿಲ್ಲ ನನಗ. ಪೂಜಾ ಮಾಡೋ ಮನಿಯಾಗ ಒಂದು ಜೀವ ಹಿಡದು ಇನ್ನೊಂದು ಜೀವಕ ಹಾಕೋದು ನನಗ ನೋಡಾಕ ಆಗಂಗಿಲ್ಲ.”

ಕಲ್ಯಾಣವೆಂದರೆ ಬಸವಕಲ್ಯಾಣ, ಅವರ ತವರು. ನಮ್ಮವರು ತಾಯಿಯ ಮುಖ ನೋಡಿದರು, ಪೆಟ್ಟಿಗೆ ನೋಡಿದರು. “ನೀ ಎಲ್ಲೀ ಹೋಗಬ್ಯಾಡವ್ವ. ರಜಾ ಸಿಕ್ಕ ಕೂಡಲೆ ಮೀನ ತಿರುಗಿ ಕೊಟ್ಟು ಬರ್ತೀನಿ,” ಎಂದರು.

ರಜೆ ಸಿಗುವವರೆಗೆ ಮೀನುಗಳಿಗೆ ಮತ್ತೆ ಒಣ ಚೂರೇ ಗತಿಯಾಯಿತು. ಕೆಲ ದಿನಗಳಲ್ಲಿ ಹೆಣ್ಣು ಕಾಣದಾಯಿತು. ಗಂಡು ಮಾತ್ರ ಗಡಿಗೆಯ ಬಾಯಿಗೆ ಅಡ್ಡಲಾಗಿ ನಿಂತಿರುತ್ತಿತ್ತು. “ಹೋತು ಕಾಣಸತದ,” ಎಂದರು ನಮ್ಮವರು. ಗಡಿಗೆ ಎತ್ತಿ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನಾನು ಆ ದಿನಗಳಲ್ಲಿ ಯಾರಿಗೂ ಎರಡನೆಯ ಸಲ ಬಡಿಸಲಿಲ್ಲ. ನೆಂಟರೊಬ್ಬರಂತೂ ನನಗೆ ಮೈ ಸರಿಯಿಲ್ಲವೇ ಎಂದು ಕೇಳಿದರು.

ಒಂದು ಮುಂಜಾನೆ ಅತ್ತೆ ಪೂಜೆ ಮುಗಿಸಿ ಎದ್ದವರು ಪಡಸಾಲೆಯಿಂದ ಕರೆದರು. “ಶಾಂತಾ, ಬಾ ಇಲ್ಲಿ. ಜಲ್ದಿ ಬಾ.”

ಓಡಿ ಹೋದೆ. ಅವರು ಹಣೆಯ ವಿಭೂತಿ ಗಾಜಿಗೆ ತಾಗುವಷ್ಟು ಬಾಗಿ ನಿಂತಿದ್ದರು. ಮರಳಿನ ಮೇಲೆ ಹೆಣ್ಣು ಮೀನು ನಿಧಾನವಾಗಿ ನಡೆಯುತ್ತಿತ್ತು, ಅದರ ಸುತ್ತ ಒಂದು ಧೂಳಿನ ಮೋಡ. ಆ ಧೂಳಿಗೆ ಕಣ್ಣಿದ್ದವು. ಒಂದೊಂದು ಕಣಕ್ಕೂ ಎರಡೆರಡು. ತಾಯಿ ನಿಂತರೆ ಮೋಡ ನಿಲ್ಲುತ್ತಿತ್ತು, ತಾಯಿ ಹೊರಳಿದರೆ ಹೊರಳುತ್ತಿತ್ತು. ನನ್ನ ನೆರಳು ಬಿದ್ದದ್ದೇ ತಾಯಿ ಮೈಯನ್ನೊಮ್ಮೆ ಅದುರಿಸಿತು, ಅಷ್ಟೇ. ಮರಿಗಳೆಲ್ಲ ಕಲ್ಲಾದಂತೆ ಮರಳಿಗಿಳಿದು ಮಾಯವಾದವು. ಹಿಂದುಳಿದ ಒಂದನ್ನು ಅಪ್ಪ ಬಾಯಲ್ಲಿ ಹಾಕಿಕೊಂಡು ಬಂದು ಗುಂಪಿನ ನಡುವೆ ಮೆಲ್ಲಗೆ ಉಗುಳಿತು. ನಮ್ಮವರು ಮುಖ ಒರೆಸುತ್ತಿದ್ದ ಟವೆಲ್ಲು ಹಾಗೇ ಹಿಡಿದು ಬಂದು ನಿಂತರು.

ಏನು ಮಾಡಬೇಕೆಂದು ತಿಳಿಯದೆ ನಾನು ರೂಢಿಯಂತೆ ಒಣ ಆಹಾರವನ್ನೇ ಒಂದು ಚಿಟಿಕೆ ಹಾಕಿದೆ. ಹೆಣ್ಣು ಒಂದು ಚೂರು ತೆಗೆದುಕೊಂಡಿತು. ಇಷ್ಟು ದಿನ ಅದನ್ನು ತಿರಸ್ಕರಿಸಿದ ಬಾಯಿ ಈಗ ಅಗಿಯಿತು. ಅಗಿದೇ ಅಗಿಯಿತು. ಆಮೇಲೆ ಮರಿಗಳ ಬಳಿ ಹೋಗಿ ಬಾಯಿ ತೆರೆಯಿತು. ಹೊಗೆಯಂತೆ ಹಿಟ್ಟು ಹೊರಬಂದು ಮೋಡದೊಳಗೆ ಹರಡಿತು, ಮರಿಗಳು ಮುಗಿಬಿದ್ದವು. ಮತ್ತೆ ಮೇಲೆ ಬಂದು ಇನ್ನೊಂದು ಚೂರು ತೆಗೆದುಕೊಂಡಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಮಗಳಿಗೆ ಆಗ ವರ್ಷ ತುಂಬಿತ್ತು. ಒಂದು ಸಲ ಅತ್ತೆ ರೊಟ್ಟಿಯ ಚೂರನ್ನು ತಾವು ಅಗಿದು ಅವಳ ಬಾಯಿಗಿಡಲು ಹೋದಾಗ ನಾನು ತಡೆದಿದ್ದೆ. ಎಂಜಲಿನ ಮೂಲಕ ಏನೇನು ರೋಗಾಣುಗಳು ದಾಟುತ್ತವೆ ಎಂದು ಹೆಸರು ಹೇಳಿ ವಿವರಿಸಿದ್ದೆ. ಅವರು, “ಆಗ್ಲವ್ವ,” ಎಂದಿದ್ದರು. ಆಮೇಲೆ ಮಗುವಿಗೆ ತುತ್ತು ಕೊಡಲು ಕೈ ಮುಂದೆ ಮಾಡಿರಲಿಲ್ಲ.

ಈಗ ಅತ್ತೆ ನನ್ನ ಕಡೆ ತಿರುಗಲಿಲ್ಲ. ಗಾಜನ್ನು ನೋಡುತ್ತಲೇ ಮಾತಾಡಿದರು.

“ಗದ್ದಲದ ವರ್ಷ ಸಂಗಪ್ಪಗ ಹಲ್ಲ ಬಂದಿರಲಿಲ್ಲ. ಇವನಿಗಿ ಎತ್ಕೊಂಡು ಕಲ್ಯಾಣದಿಂದ ಸೋಲಾಪುರ ಕಡಿ ನಡಕೋತ ಹೊಂಟಿದ್ವಿ. ಎದಿಯಾಗ ಹಾಲ ಬತ್ತಿತ್ತು. ಬಾಜೂ ಮನಿ ಬೀಬಿ ಕಟ್ಟಿಕೊಟ್ಟ ಒಣ ರೊಟ್ಟಿ ಅಷ್ಟೇ ಇತ್ತು. ಅಗದು ಅಗದು ಇವನ ಬಾಯಾಗ ಇಡ್ತಿದ್ದೆ. ಹಸದ ಬಾಯಾಗ ರೊಟ್ಟಿ ಇಟ್ಕೊಂಡು ನುಂಗದ ಇರೋದು ಭಾಳ ಕಠಿಣ. ನುಂಗಬ್ಯಾಡ, ನುಂಗಬ್ಯಾಡ ಅಂತ ನನಗ ನಾನೇ ಹೇಳಕೋತ ನಡದೆ.” ಗಾಜಿನತ್ತ ಬೆರಳು ತೋರಿಸಿ, “ಈಕಿನೂ ನುಂಗವಲ್ಲಳು ನೋಡು,” ಎಂದರು.

ನಿಜಾಮರ ಆಳ್ವಿಕೆ ಮುಗಿಯುವ ಮುಂಚೆ ಜನ ಗಲಭೆಗೆ ಹೆದರಿ ಊರು ಬಿಟ್ಟ ಆ ವರ್ಷದ ಬಗ್ಗೆ ನಾನು ಬೇಕಾದಷ್ಟು ಕೇಳಿದ್ದೆ. ಇದನ್ನು ಕೇಳಿರಲಿಲ್ಲ. ಊರಿನ ಟ್ರಂಕ್‌ಕಾಲುಗಳನ್ನೆಲ್ಲ ಕೇಳಿಸಿಕೊಂಡ ನಮ್ಮವರೂ ಕೇಳಿರಲಿಲ್ಲ. ಅವರು ಟವೆಲ್ಲನ್ನು ಮತ್ತೆ ಮುಖಕ್ಕೆ ಹಿಡಿದುಕೊಂಡರು; ಮುಖ ಆಗಲೇ ಒಣಗಿತ್ತು.

“ಬಾಣಂತಿಗಿ ಏನರ ಹಾಕಬೇಕು,” ಎಂದು ಅತ್ತೆ ಹಿತ್ತಲಿಗೆ ನಡೆದರು. ಚಹಾ ಸೋಸುವ ಜರಡಿ ಅವರ ಕೈಯಲ್ಲಿತ್ತು. ದೋಣಿಯ ನೀರಲ್ಲಿ ಅದನ್ನು ಆಡಿಸಿ, ಬಟ್ಟಲಿಗೆ ಕೊಡವಿ ತಂದು ಪೆಟ್ಟಿಗೆಗೆ ಸುರಿದರು. ನಾನು ಬಾಯಿ ತೆರೆಯುವ ಮೊದಲೇ, “ನಾ ನೀರು ತಂದು ನೀರಾಗ ಹಾಕೀನಿ. ಅದರಾಗ ಏನದ ಏನಿಲ್ಲ, ನನಗ ಕಣ್ಣ ಕಾಣಂಗಿಲ್ಲ,” ಎಂದರು. ಧೂಳಿನಷ್ಟಿದ್ದ ಮರಿಗಳನ್ನು ಮನೆಯಲ್ಲಿ ಮೊದಲು ಕಂಡದ್ದು ಅದೇ ಕಣ್ಣು ಎಂದು ನಾವ್ಯಾರೂ ನೆನಪು ಮಾಡಿಕೊಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಮಗಳನ್ನು ಎತ್ತಿ ಅತ್ತೆಯ ತೊಡೆಯ ಮೇಲೆ ಕೂರಿಸಿದೆ. ಅವರು ರೊಟ್ಟಿ ಮುರಿದರು. ನಾನು ಬೇಳೆ ತರುವ ನೆಪದಲ್ಲಿ ಒಳಗೆ ಹೋಗಿ, ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ.

ಮೀನುಗಳನ್ನು ಹಿಂದಿರುಗಿಸುವ ಮಾತು ಮತ್ತೆ ಬರಲಿಲ್ಲ. ಮರಿಗಳು ಬೆಳೆದು ಪೆಟ್ಟಿಗೆ ಸಾಲದಾಯಿತು. ಆಗ ಅತ್ತೆ ಕೆಲವನ್ನು ಬಸವಕಲ್ಯಾಣದ ತಮ್ಮನ ಮನೆಗೆ ಕೊಡುವುದೆಂದು ತೀರ್ಮಾನಿಸಿದರು. ನನ್ನನ್ನೂ ಕರೆದುಕೊಂಡು ಹೊರಟು, ಸ್ಟೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಪಕ್ಕದ ಹೆಂಗಸು, “ತುಪ್ಪ ಒಯ್ಯಾಕತ್ತೀರೇನ್ರಿ ಅಮ್ಮಾ?” ಎಂದಳು. “ಇಲ್ಲವ್ವ, ಮೊಮ್ಮಕ್ಕಳು,” ಎಂದರು ಅತ್ತೆ. ಆಕೆ ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತಳು.

ಅತ್ತೆಯ ನಾದಿನಿ, ತಮ್ಮನ ಹೆಂಡತಿ ಕಾಶಮ್ಮ ಮೀನುಗಳನ್ನು ಗಾಜಿನ ಭರಣಿಗೆ ಬಿಟ್ಟು, “ಇವಕ್ಕ ಏನ ಹಾಕಬೇಕವ್ವ?” ಎಂದು ನನ್ನನ್ನೇ ಕೇಳಿದರು. ಇಂಥ ಪ್ರಶ್ನೆ ನನಗೆ ಬಹಳ ದಿನಗಳಿಂದ ಬಂದಿರಲಿಲ್ಲ. ನೆಟ್ಟಗೆ ಕುಳಿತು, ಇವು ಸಾಮಾನ್ಯ ಮೀನಲ್ಲವೆಂದೂ, ಅಲುಗದ ಆಹಾರ ಇವುಗಳ ಕಣ್ಣಿಗೆ ಆಹಾರವೇ ಅಲ್ಲವೆಂದೂ, ಬೇಟೆ ಇವುಗಳ ಸ್ವಭಾವವೆಂದೂ ಮೊದಲಿನಿಂದ ವಿವರಿಸತೊಡಗಿದೆ. ನಾನಿನ್ನೂ ಪೀಠಿಕೆಯಲ್ಲಿರುವಾಗಲೇ ಕಾಶಮ್ಮ ತಮ್ಮ ತಟ್ಟೆಯ ತಳದಲ್ಲಿ ಉಳಿದಿದ್ದ ಚುರುಮುರಿ ಪುಡಿಯನ್ನು ಭರಣಿಗೆ ಉದುರಿಸಿದರು. ಮರಿಗಳು ಮೇಲೆ ಬಂದು ಎಲ್ಲವನ್ನೂ ತಿಂದು, ಇನ್ನೂ ಇದೆಯೇ ಎಂದು ನೋಡತೊಡಗಿದವು.

“ತಿಂತಾವಲ್ಲವ್ವ,” ಎಂದರು ಕಾಶಮ್ಮ, ನನ್ನ ಮಾತಿಗೆ ಅಡ್ಡ ಬಂದೆನೆಂಬ ಸಂಕೋಚದಿಂದ.

“ನಮ್ಮ ಮನ್ಯಾಗೇ ಹುಟ್ಟಿ ಬೆಳದಾವ, ನಮ್ಮ ಊಟ ರೂಢಿ ಆಗ್ಯದ,” ಎಂದರು ಅತ್ತೆ. ಆಮೇಲೆ ನಾದಿನಿಯ ಕಡೆ ಬಾಗಿ, ಕಿವಿ ಮಂದ ಇದ್ದವರು ಗುಟ್ಟು ಹೇಳುವಷ್ಟು ಜೋರಾಗಿ, “ಆದ್ರೂ ಕೇಳು. ಶಾಂತಾ ಛಲೋ ಹೇಳ್ತಾಳ,” ಎಂದರು.

ಕಾಶಮ್ಮ ಕೈಕಟ್ಟಿ ಕೂತರು. ನಾನು ಪೀಠಿಕೆಯನ್ನು ಮುಂದುವರಿಸಿದೆ.