ಗುಣಕ್ಕೊಂದು ಶಾಲು

ಗೋಪಾಲ ಮಾಡಿದ ತಪ್ಪು ಇಷ್ಟೇ: ಭಾಷಣ ತುಂಬಿಬರಲಿ ಎಂದು ನೆರೆಹೊರೆಯವರನ್ನು ಕೇಳಿದ.

ಜನಕಪುರಿಯ ಕನ್ನಡ ಕೂಟದಲ್ಲಿ ವರ್ಷವರ್ಷವೂ ವಂದನಾರ್ಪಣೆ ಮಾಡಿ ಸವೆದಿದ್ದ ಅವನಿಗೆ ಈ ಸಲ ನಿಜವಾದ ಭಾಷಣ ಸಿಕ್ಕಿತ್ತು. ವಿಷಯ, 'ಗುಣ' ಎಂಬ ಒಂದೇ ಪದದ ಹಲವು ಅರ್ಥಗಳು. ಭಾಷಣಕಾರರಿಗೆ ಹೊದಿಸುವ ಶಾಲನ್ನು ಸರೋಜಿನಿ ನಗರದಿಂದ ತಂದವನೂ ಅವನೇ. ತನಗೆ ಒಪ್ಪುತ್ತದೋ ಎಂದು ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡೇ ಆರಿಸಿದ್ದ.

ಕಾರ್ಯಕ್ರಮದ ದಿನ ಬೆಳಿಗ್ಗೆ ಕೆಳಮನೆಯ ಡಾಕ್ಟರ್ ಧಾರಿಣಿಯವರನ್ನು ಕೇಳಿದ. "ನಮ್ಮಲ್ಲಿ ಕಾಯಿಲೆ ಗುಣ ಆಗುತ್ತೆ, ಅಷ್ಟೇ," ಎಂದರು. ಗಣಿತದ ಮೇಷ್ಟ್ರು ತಿಪ್ಪೇಸ್ವಾಮಿ ಗೇಟಿನಲ್ಲೇ ಗುಣಾಕಾರ, ಗುಣಲಬ್ಧ ಎಂದು ಪಾಠ ಶುರುಮಾಡಿದರು. ಶಂಕರ ಜೋಯಿಸರಂತೂ ಜಾತಕದ ಮೂವತ್ತಾರು ಗುಣಗಳಲ್ಲಿ ಇವನಿಗೂ ಹೆಂಡತಿಗೂ ಎಷ್ಟು ಕೂಡಿಬರುತ್ತದೆಂದು ಲೆಕ್ಕ ಹಾಕಿ, ಯಾಕೋ ಹೇಳದೆ ಸುಮ್ಮನಾದರು. ಎಲ್ಲರಿಗೂ ಗೋಪಾಲ, "ಮಧ್ಯಾಹ್ನ ತಪ್ಪದೆ ಬನ್ನಿ," ಎಂದ.

ಸೈನ್ಯದಿಂದ ನಿವೃತ್ತರಾದ ಪಕ್ಕದ ಮನೆಯ ಬಿದ್ದಪ್ಪ ಅವನನ್ನು ತಮ್ಮ ಕಾರಿನಲ್ಲೇ ಕರೆದೊಯ್ದರು. ದಾರಿಯಲ್ಲಿ ಗೋಪಾಲನಿಗೆ ತಡೆಯಲಾಗಲಿಲ್ಲ. "ಯಾರಿಗೂ ಹೊಳೆಯದ್ದು ಒಂದು ಇಟ್ಕೊಂಡಿದೀನಿ ಸಾರ್. ಗುಣ ಅಂದ್ರೆ ಬಿಲ್ಲಿನ ಹೆದೆ."

"ಅಚ್ಛಾ," ಎಂದರು ಬಿದ್ದಪ್ಪ.

ನಿರೂಪಣೆ ಗೋಪಾಲನ ಹೆಂಡತಿ ವೈಜಯಂತಿಯದು. ಇಷ್ಟು ಜನ ದೊಡ್ಡವರು ಮುಂದಿನ ಸಾಲಿನಲ್ಲಿ ಕುಳಿತಿರುವಾಗ ಕರೆಯದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಒಬ್ಬೊಬ್ಬರನ್ನೂ "ಎರಡು ಮಾತು" ಆಡಲು ಕರೆದಳು. ನಮ್ಮವರ ಎರಡು ಮಾತು ಎಷ್ಟು ಉದ್ದವೆಂಬುದು ಸಭಾಂಗಣದ ಕುರ್ಚಿಗಳಿಗೂ ಗೊತ್ತು. ಧಾರಿಣಿ ಕಾಯಿಲೆ ಮುಗಿಸಿದರು, ಮೇಷ್ಟ್ರು ಮಗ್ಗಿ ಮುಗಿಸಿದರು, ಜೋಯಿಸರು ಜಾತಕ ಮುಗಿಸಿದರು. ಹೋಗಲಿ, ಹೆದೆ ಉಳಿದಿದೆಯಲ್ಲ ಎಂದು ಗೋಪಾಲ ಸಮಾಧಾನ ಮಾಡಿಕೊಂಡ. ಅಷ್ಟರಲ್ಲಿ ಬಿದ್ದಪ್ಪ ಮೈಕ್ ಹಿಡಿದು, "ಸಿಪಾಯಿಗೆ ಗುಣ ಅಂದ್ರೆ ಬಿಲ್ಲಿನ ಹೆದೆ," ಎಂದು ಬರಿಗೈಯಲ್ಲೇ ಬಿಲ್ಲೆಳೆದು ತೋರಿಸಿದರು. ಅಷ್ಟು ಜೋರಾದ ಚಪ್ಪಾಳೆ ಆ ದಿನ ಮತ್ತೆ ಬೀಳಲಿಲ್ಲ.

ಹಿಂದಿನಿಂದ ಬಿಸಿಬೇಳೆ ಬಾತಿನ ಘಮಘಮ ಬಂತು. ಜನ ಎದ್ದು ನಿಲ್ಲತೊಡಗಿದರು.

"ಸಮಯದ ಅಭಾವದಿಂದ," ಎಂದಳು ವೈಜಯಂತಿ, "ಶ್ರೀ ಗೋಪಾಲ ಅವರು ಬಿದ್ದಪ್ಪನವರಿಗೆ ಶಾಲು ಹೊದಿಸಿ, ವಂದನಾರ್ಪಣೆ ಮಾಡಿಕೊಡಬೇಕಾಗಿ ವಿನಂತಿ."

ಗೋಪಾಲ ನಗುತ್ತಲೇ ಹೊದಿಸಿದ. ಆ ಬಣ್ಣ ಬಿದ್ದಪ್ಪನವರಿಗೂ ಒಪ್ಪಿತು.

ಸಂಜೆ ಬಿದ್ದಪ್ಪ ಶಾಲು ಹಿಡಿದು ಮನೆಗೇ ಬಂದರು. "ಇದು ನಿಮ್ಮ ಹತ್ರಾನೇ ಇರ್ಲಿ, ಗೋಪಾಲ."

ಗೋಪಾಲನ ಕಣ್ಣು ಒದ್ದೆಯಾಯಿತು. ಲೋಕದಲ್ಲಿ ನ್ಯಾಯ ಉಳಿದಿದೆ ಎನ್ನಿಸಿ ಶಾಲನ್ನು ಹೆಗಲಿಗೇರಿಸಿದ.

"ರೀ, ಹೊದ್ಕೋಬೇಡಿ, ಮಡಿಕೆ ಹಾಳಾಗುತ್ತೆ," ಎಂದಳು ವೈಜಯಂತಿ. "ಮುಂದಿನ ವರ್ಷಕ್ಕೂ ಅದೇ ಶಾಲು. ಭಾಷಣ ಬಿದ್ದಪ್ಪ ಅಂಕಲ್‌ದೇ ಅಂತ ಅಧ್ಯಕ್ಷರು ಹೇಳಿದಾರೆ."

"ಅದಕ್ಕೇ ಬಂದೆ," ಎಂದು ಬಿದ್ದಪ್ಪ ಕುರ್ಚಿ ಎಳೆದುಕೊಂಡು ಕುಳಿತರು. "ಚಲೋ, ಗುಣಕ್ಕೆ ಇನ್ನೂ ಏನೇನು ಅರ್ಥ ಇದೆ, ಹೇಳಿ ನೋಡೋಣ."