ಹಳ್ಳ ದಾಟಿದ ಚೆಂಡು

ಬೆಳಗಾವಿ–ಖಾನಾಪುರ ಜಂಟಿ ಗಾಲ್ಫ್ ಉತ್ತೇಜನ ಸಂಘದ ಚೆಂಡು ಆಯ್ಕೆ ಉಪಸಮಿತಿಗೆ ನಾನು ಅಧ್ಯಕ್ಷೆ. ಅಧ್ಯಕ್ಷೆಯಾಗುವ ತನಕ ಗಾಲ್ಫ್ ಆಟವನ್ನು ನಾನು ಕಣ್ಣಿನಿಂದ ನೋಡಿರಲಿಲ್ಲ. ಈ ಎರಡು ಸಂಗತಿಗಳು ಒಂದಕ್ಕೊಂದು ಅಡ್ಡಬರುತ್ತವೆ ಎಂದು ಸಂಘದ ನಿಯಮಾವಳಿಯಲ್ಲಿ ಎಲ್ಲಿಯೂ ಹೇಳಿಲ್ಲ.

ನಾನು ಹುಟ್ಟಿದ್ದು ಗುಂಡ್ಲುಪೇಟೆಯ ಕಡೆ. ಹೂಬೆಳೆ ಕಚೇರಿಯ ನೌಕರಿ ನನ್ನನ್ನು ಬೆಳಗಾವಿಗೆ ತಂದು ಹಾಕಿತು. ಮದುವೆ, ಮಗ, ನಿವೃತ್ತಿ ಎಲ್ಲ ಇಲ್ಲೇ ಆದವು. ಇಷ್ಟು ಕಾಲವಾದರೂ ಸಂತೆಯಲ್ಲಿ ನಾನು ಈರುಳ್ಳಿ ಕೇಳಿದರೆ ಮಾರುವವಳು ಪಕ್ಕದವಳ ಮುಖ ನೋಡಿ ನಕ್ಕು ಉಳ್ಳಾಗಡ್ಡಿ ತೂಗುತ್ತಾಳೆ. ಸೊಸೆ ನೇತ್ರಾ ಒಳ್ಳೆಯವಳು. ಗ್ಯಾಸಿನವನ ಫೋನು ಬಂದರೆ ಮಾತ್ರ ನನ್ನ ಕೈಯಿಂದ ಕಸಿದುಕೊಳ್ಳುತ್ತಾಳೆ. ನನ್ನ ಕನ್ನಡ ಕೇಳಿದರೆ ಯಾವುದೋ ಬ್ಯಾಂಕಿನವರು ಸಾಲ ಕೊಡಲು ಮಾತಾಡುತ್ತಿದ್ದಾರೆಂದು ಅವನು ಫೋನು ಇಟ್ಟುಬಿಡುತ್ತಾನಂತೆ. ಒಟ್ಟಿನಲ್ಲಿ ಈ ಊರಿನಲ್ಲಿ ನನ್ನ ಮಾತನ್ನು ಯಾರೂ ಅಲ್ಲಗಳೆದಿಲ್ಲ, ಏಕೆಂದರೆ ಅಷ್ಟು ದೂರ ಯಾರೂ ಕೇಳಿಸಿಕೊಂಡಿಲ್ಲ.

ನೌಕರಿಯಲ್ಲಿದ್ದಾಗ ‘ನಿಮಗೆ ತಕ್ಕ ಚೆಂಡು: ಆಯ್ಕೆ ಮತ್ತು ಆರೈಕೆ’ ಎಂಬ ಕೈಪಿಡಿಯೊಂದನ್ನು ಬರೆದಿದ್ದೆ. ನಮ್ಮ ಕಡೆ ಚೆಂಡು ಎಂದರೆ ಚೆಂಡುಹೂವು. ಹೊಲಗಟ್ಟಲೆ ಬೆಳೆಯುವ ಪದಾರ್ಥಕ್ಕೆ ಪ್ರತಿ ಸಲ ‘ಹೂವು’ ಎಂದು ಬಾಲ ಹಚ್ಚುವವರು ಯಾರು? ಇಲ್ಲಿಯವರು ಅದೇ ಹೂವಿಗೆ ಝೆಂಡು ಎನ್ನುತ್ತಾರೆ. ಚೆಂಡು ಎಂದರೆ ಇಲ್ಲಿನ ಕನ್ನಡದವರಿಗೂ ಮರಾಠಿಯವರಿಗೂ ಆಡುವ ಚೆಂಡು, ಬೇರೆ ಅಲ್ಲ. ಮುಖಪುಟಕ್ಕೆ ಚಿತ್ರ ಹಾಕಲು ಮಂಜೂರಾತಿ ಸಿಗಲಿಲ್ಲ. ಹೀಗಾಗಿ ಈ ಭಾಗದ ಒಬ್ಬ ರೈತನೂ ಆ ಕೈಪಿಡಿಯನ್ನು ಒಯ್ಯಲಿಲ್ಲ. ನಿವೃತ್ತಿಯ ದಿನ ಕಚೇರಿಯವರು ಹಾರ, ಶಾಲಿನ ಜೊತೆ ಉಳಿದ ಪ್ರತಿಗಳನ್ನೂ ನನಗೇ ಅರ್ಪಿಸಿದರು. ನೇತ್ರಾ ಅವನ್ನು ರದ್ದಿಗೆ ಹಾಕಿದಳು. ರದ್ದಿ ಅಂಗಡಿಯಿಂದ ಒಂದು ಪ್ರತಿ ಗಾಲ್ಫ್ ಸಂಘದ ಕಾರ್ಯದರ್ಶಿ, ಗೌರವ ಎಂಬ ಹೆಸರಿನವರ ಕೈ ಸೇರಿತು. ನನ್ನ ಸಾಹಿತ್ಯ ಓದುಗನನ್ನು ತಲುಪಿದ ಮೊದಲ ಸಂದರ್ಭ ಅದು.

ಆ ವೇಳೆಗೆ ಸಂಘ ಒಂದು ಬಿಕ್ಕಟ್ಟಿನಲ್ಲಿತ್ತು. ಅದರ ಮೈದಾನ ಖಾನಾಪುರದಿಂದ ಗುಂಜಿಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗಿದೆ. ಮೂರನೆಯ ಕುಳಿಗೆ ಹೊಡೆಯುವಲ್ಲಿ ಅಡ್ಡಕ್ಕೆ ಒಂದು ಹಳ್ಳ. ಸದಸ್ಯರು ಹೊಡೆದ ಚೆಂಡುಗಳೆಲ್ಲ ಆ ಹಳ್ಳದ ತಳದಲ್ಲಿದ್ದವು. ಹೊಡೆತದಲ್ಲಿ ದೋಷವಿದೆ ಎಂದು ಸದಸ್ಯರ ಬಗ್ಗೆ ಹೇಳುವಂತಿರಲಿಲ್ಲ, ಅವರು ವಂತಿಗೆ ಕೊಟ್ಟವರು. ಆದ್ದರಿಂದ ದೋಷ ಚೆಂಡಿನದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಒಬ್ಬರು ಮೆತ್ತನೆಯ ಚೆಂಡು ಬೇಕೆಂದರು, ಒಬ್ಬರು ಗಟ್ಟಿ ಚೆಂಡು; ಸಂಘದ ಅಧ್ಯಕ್ಷರಾದ ಸಿಮೆಂಟ್ ವ್ಯಾಪಾರಿ ಗುರುಪಾದಪ್ಪನವರು ಎಲ್ಲಕ್ಕಿಂತ ದುಬಾರಿಯದೊಂದನ್ನು ತರಿಸಿ, ಕಳೆದೀತೆಂದು ಹೊಡೆಯದೆ ಜೇಬಿನಲ್ಲಿ ಇಟ್ಟುಕೊಂಡೇ ಆಡುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಸಂಕಟ ಬಾಳಕೃಷ್ಣ ಅವರದು. ಖಾನಾಪುರದ ನಿವೃತ್ತ ಹೆಡ್‌ಮಾಸ್ತರರು, ಮನೆಮಾತು ಮರಾಠಿ, ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬಂದು ಹುಲ್ಲಿನ ಮೇಲಿನ ಸಗಣಿ ತೆಗೆಸುವವರು. ಅವರು ಸಂಘದ ಕ್ಯಾಪ್ಟನ್ ಆಗಬೇಕಿತ್ತು. ಒಮ್ಮೆಯಾದರೂ ಹಳ್ಳ ದಾಟಿಸಿದವರೇ ಕ್ಯಾಪ್ಟನ್ ಆಗತಕ್ಕದ್ದು ಎಂಬ ನಿಯಮ ಬರೆದವರೂ ಅವರೇ. ಈಗ ಅವರ ಎರಡೂ ಮೊಳಕಾಲಿಗೆ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ಆಮೇಲೆ ಸೊಂಟ ತಿರುಗಿಸಿ ಹೊಡೆಯುವುದು ಜನ್ಮದಲ್ಲಿ ಇಲ್ಲ ಎಂದು ಡಾಕ್ಟರು ಹೇಳಿದ್ದರು. ದೀಪಾವಳಿಯ ನಂತರದ ಪಂದ್ಯವೇ ಅವರಿಗೆ ಕೊನೆಯದು.

ಒಂದು ಬೆಳಿಗ್ಗೆ ಗುರುಪಾದಪ್ಪನವರೂ ಗೌರವರೂ ನನ್ನ ಕೈಪಿಡಿ ಹಿಡಿದು ಮನೆಗೆ ಬಂದರು. ನನಗೆ ಕಾರು ಕಳಿಸುವುದಾಗಿಯೂ, ಸಂಘದ ಪಡಸಾಲೆಯಲ್ಲಿ ನನ್ನ ಹೆಸರಿಗೆ ಒಂದು ಬೆತ್ತದ ಕುರ್ಚಿ ಮೀಸಲಿಡುವುದಾಗಿಯೂ ಹೇಳಿದರು. ಮೈದಾನದ ಅಂಚಿಗೆ ಹೂವಿನ ಪಾತಿ ಮಾಡುತ್ತಾರೆಂದು ನಾನು ತಿಳಿದೆ. ನೇತ್ರಾ ಬಾಗಿಲಿಗೆ ಬಂದು ನನ್ನನ್ನು ಕಾರಿಗೆ ಹತ್ತಿಸಿದಳು. ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಸಭೆಯಲ್ಲಿ ಗೌರವರು ಕೈಪಿಡಿಯನ್ನು ಗಟ್ಟಿಯಾಗಿ ಓದಿದರು. “ಚೆಂಡಿನಲ್ಲಿ ಎರಡು ಸುತ್ತಿನದು, ಮೂರು ಸುತ್ತಿನದು, ಅದಕ್ಕೂ ಮಿಗಿಲಾದದ್ದು ಎಂದು ಬಗೆಗಳಿವೆ. ಸುತ್ತು ಹೆಚ್ಚಿದಷ್ಟೂ ಬೆಲೆ ಹೆಚ್ಚು. ಆದರೆ ಎಲ್ಲರಿಗೂ ದುಬಾರಿ ಚೆಂಡು ತಕ್ಕುದಲ್ಲ. ತಮ್ಮ ಶಕ್ತಿ, ನೆಲ, ಹವೆ ನೋಡಿ ಆರಿಸತಕ್ಕದ್ದು.” ಸದಸ್ಯರು ತಲೆದೂಗಿದರು. ಒಬ್ಬರಂತೂ, ಗಾಲ್ಫ್ ಚೆಂಡಿನ ಪದರಗಳಿಗೆ ಸುತ್ತು ಎಂಬಂಥ ಅಚ್ಚ ಕನ್ನಡ ಪದ ಕೊಟ್ಟದ್ದಕ್ಕೆ ನನಗೆ ರಾಜ್ಯೋತ್ಸವದಲ್ಲಿ ಸನ್ಮಾನವಾಗಬೇಕು ಎಂದರು. “ಎರಡು ಬೆರಳಿನಿಂದ ಒತ್ತಿದಾಗ ಚೆಂಡು ತಗ್ಗಿ ಮತ್ತೆ ಮೊದಲಿನಂತಾಗಬೇಕು.” ಎಲ್ಲರೂ ತಮ್ಮ ತಮ್ಮ ಜೇಬಿನೊಳಗೆ ಒತ್ತಿ ನೋಡಿದರು. ನನಗೆ ಜೇಬಿನ ವಿಷಯ ಅರ್ಥವಾಗಲಿಲ್ಲ.

ಆಗ ಬಾಳಕೃಷ್ಣ ಅವರು ಮೊಳಕಾಲು ಹಿಡಿದುಕೊಂಡು ಎದ್ದು, ಮರಾಠಿಯ ಮರ್ಯಾದೆಯಂತೆ ನನ್ನನ್ನು ಬಾಯಿ ಎಂದು ಕರೆದರು.

“ಬಾಯಿ, ಒಂದ ಮಾತು ಖರೇ ಹೇಳ್ರಿ. ನಿಮ್ಮ ಚೆಂಡು ಎಷ್ಟ ದೂರ ಹೋಗತೈತಿ?”

“ಬೆಳಗಿನ ಹೊತ್ತು ನೀರು ಚಿಮುಕಿಸಿ ಕಳಿಸಿದರೆ ಮುಂಬೈವರೆಗೂ ಹೋಗುತ್ತೆ.”

ಬಾಳಕೃಷ್ಣ ಅವರು ಕೈಮುಗಿದರು. “ಅಷ್ಟ ಬ್ಯಾಡ್ರಿ. ನನಗ ಹಳ್ಳ ದಾಟಿದರ ಸಾಕು” ಎಂದು ಜೇಬಿನಿಂದ ಬಿಳಿಯ, ತಗ್ಗು ತಗ್ಗಾದ ಒಂದು ಗುಂಡು ಪದಾರ್ಥವನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಉರುಳಿ ನನ್ನ ಚಹಾದ ಬಟ್ಟಲಿಗೆ ಬಂದು ಬಡಿಯಿತು. ಸಂಗತಿ ಏನೆಂದು ನನಗೆ ತಿಳಿದದ್ದು ಆಗ.

ಆ ಕ್ಷಣದಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ, ಆದರೆ ಅಷ್ಟರಲ್ಲಿ ಗುರುಪಾದಪ್ಪನವರು, “ಸುಮ್ಮಕ ಇರ್ರಿ ಎಲ್ಲಾರೂ, ಅಕ್ಕಾರು ಏನೋ ಹೇಳಾಕತ್ತಾರ” ಎಂದರು. ಸಿಮೆಂಟಿನವರು, ವಕೀಲರು, ಡಾಕ್ಟರು ಎಲ್ಲ ನನ್ನ ಕಡೆ ಬಾಗಿ ಕುಳಿತರು. ಈ ಊರಿಗೆ ಬಂದ ಮೇಲೆ ನಾನು ಹೇಳಲಿರುವುದನ್ನು ಇಷ್ಟು ಜನ ಕಾದು ಕೇಳಿದ್ದಿಲ್ಲ. ನಾನು ಚಹಾದಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದೆ. ಅದನ್ನೂ ನಡಾವಳಿಯಲ್ಲಿ ಬರೆದುಕೊಂಡರು.

ಉಪಸಮಿತಿ ರಚನೆಯಾಯಿತು. ಒಂದು ಷರತ್ತಿತ್ತು: ಆಯ್ಕೆಯಾದ ಚೆಂಡು ಹಳ್ಳ ದಾಟದಿದ್ದರೆ ಉಪಸಮಿತಿಯೂ ಅದರ ಕುರ್ಚಿಯೂ ರದ್ದು. ಬಾಳಕೃಷ್ಣ ಅವರ ಕ್ಯಾಪ್ಟನ್‌ಗಿರಿಯೂ ನನ್ನ ಬೆತ್ತದ ಕುರ್ಚಿಯೂ ಹೀಗೆ ಒಂದೇ ಹೊಡೆತಕ್ಕೆ ಗಂಟುಬಿದ್ದವು.

ಖರೀದಿಯ ಕೆಲಸವನ್ನು ಗೌರವರು ನಿಯಮಬದ್ಧವಾಗಿ ನಡೆಸಿದರು. ಕೈಪಿಡಿಯ ಮಾತುಗಳನ್ನೇ ಟೆಂಡರಿಗೆ ಇಳಿಸಿದರು: ಬಣ್ಣ ಕಿತ್ತಳೆ ಅಥವಾ ಅರಿಶಿನ, ಗಾತ್ರ ನಿಂಬೆಹಣ್ಣಿಗೆ ಕಡಿಮೆಯಿಲ್ಲದಂತೆ, ಮಾರಾಟ ತೂಕದ ಲೆಕ್ಕದಲ್ಲಿ, ನಸುಕಿನಲ್ಲಿ ಕೊಯ್ದದ್ದಾಗಿದ್ದು ಗಾಳಿಯಾಡುವ ಬುಟ್ಟಿಯಲ್ಲಿ ಬರತಕ್ಕದ್ದು. ಆಟದ ಸಾಮಾನಿನ ಅಂಗಡಿಯವರು, ತಮ್ಮ ಚೆಂಡನ್ನು ಯಾರೂ ಕೊಯ್ಯುವುದಿಲ್ಲ ಎಂದು ಬರೆದು ತಿಳಿಸಿದ್ದರಿಂದ ಅವರೆಲ್ಲ ಅನರ್ಹರಾದರು. ಗುಂಡ್ಲುಪೇಟೆ ಕಡೆಯ ಒಬ್ಬ ಸರಬರಾಜುದಾರ ಮಾತ್ರ ಎಲ್ಲ ಷರತ್ತಿಗೂ ಒಪ್ಪಿದ. ಒಬ್ಬನೇ ಇದ್ದುದರಿಂದ ಅತಿ ಕಡಿಮೆ ದರದವನೂ ಅವನೇ. ಅವನಿಗೂ ಸಂಘಕ್ಕೂ ನಡುವೆ ದಲ್ಲಾಳಿಯಾಗಿ ಗುರುಪಾದಪ್ಪನವರ ಅಳಿಯನನ್ನು, ಭಾಷೆಯ ತೊಂದರೆಯಾಗದಿರಲೆಂದು, ನೇಮಿಸಲಾಯಿತು. ಆದೇಶಪತ್ರ ನನ್ನ ಸಹಿಗೆ ಬಂತು. ಎರಡು ಸಲ ಓದಿದೆ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಸಹಿ ಹಾಕಿದೆ.

ಪಂದ್ಯದ ಮುಂಜಾನೆ ಖಾನಾಪುರದ ಮೈದಾನಕ್ಕೆ ಲಾರಿ ಬಂತು. ಬುಟ್ಟಿಗಳ ಮೇಲಿನ ತೋಯ್ದ ಗೋಣಿತಟ್ಟು ತೆಗೆದಾಗ ಹಸಿರು ಹುಲ್ಲಿನ ಮೇಲೆಲ್ಲ ನನ್ನ ಊರಿನ ವಾಸನೆ ಹರಡಿತು. ನಾನು ಒಂದು ಬುಟ್ಟಿಯನ್ನು ಅಪ್ಪಿ ಹಿಡಿದುಕೊಂಡೆ. ಅದು ತವರಿನ ನೆನಪಿನಿಂದಲೋ ಕುರ್ಚಿ ಹೋಗುವ ಭಯದಿಂದಲೋ ಇಂದಿಗೂ ವಿಂಗಡಿಸಲಾಗಿಲ್ಲ.

ಮತ್ತಿ ಮರದ ಕೆಳಗೆ ತುರ್ತು ಸಭೆ ಸೇರಿತು. ಗುರುಪಾದಪ್ಪನವರು ಒಂದು ಹೂವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

“ಗೌರವ, ಇದು ಝೆಂಡು ಐತೆಲ್ಲೋ.”

“ಆರ್ಡರ್ ಪ್ರಕಾರನ ಬಂದೈತ್ರಿ. ಬಣ್ಣ, ಗಾತ್ರ, ಬುಟ್ಟಿ ಎಲ್ಲಾ ಟ್ಯಾಲಿ ಆಗತೈತಿ. ಬಿಲ್ಲೂ ಪಾಸ್ ಆಗೇತ್ರಿ.”

ಬಿಲ್ಲು ಪಾಸಾದ ಮೇಲೆ ವಸ್ತು ತಪ್ಪಾಗಿರಲು ಸಾಧ್ಯವಿಲ್ಲ ಎಂಬುದನ್ನು ಸಭೆ ಮನಗಂಡಿತು. ತಪ್ಪೆಂದರೆ ತನಿಖೆ, ತನಿಖೆಯೆಂದರೆ ಅಳಿಯ. ಆದರೂ ವಿಧಿಯಂತೆ ತಜ್ಞರ ಅಭಿಪ್ರಾಯ ಕೇಳಬೇಕಿತ್ತು. ಕೊನೆಗೂ ನಾನು ಎದ್ದು ನಿಂತು ನಿಜ ಹೇಳಿದೆ.

“ನೋಡಿ, ನಾನು ಬರೆದಿದ್ದು ಹೂವಿನ ವಿಷಯ. ನಮ್ಮ ಕಡೆ ಇದಕ್ಕೇ ಚೆಂಡು ಅನ್ನೋದು. ನನಗೆ ಗಾಲ್ಫ್ ಗೊತ್ತಿಲ್ಲ.”

ಯಾರೂ ಸಿಟ್ಟಾಗಲಿಲ್ಲ. ವಕೀಲರು ಪಕ್ಕದವರಿಗೆ, ಎಷ್ಟು ಓದಿದರೂ ವಿನಯ ಇರಬೇಕಾದ್ದು ಹೀಗೆ ಎಂದರು. ಗುರುಪಾದಪ್ಪನವರು, ತಜ್ಞರೇ ಇದನ್ನು ಚೆಂಡು ಎಂದು ಸ್ಪಷ್ಟವಾಗಿ ಹೇಳಿರುವುದರಿಂದ ಇನ್ನು ಚರ್ಚೆ ಬೇಡ ಎಂದು ಠರಾವು ಬರೆಸಿದರು. ಬಾಳಕೃಷ್ಣ ಅವರು ಮಾತ್ರ ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು.

“ಬಾಯಿ, ದಾಟತೈತೇನ್ರಿ?”

“ಹೂವು ಕಣ್ರೀ ಅದು.”

“ಅದು ಬಿಡ್ರಿ. ಬಿಳೀ ಚೆಂಡು ಇಷ್ಟ ದಿನ ದಾಟಿಲ್ಲ. ಅದರ ಮ್ಯಾಲೆ ನನಗ ಭರವಸೆ ಹೋಗೇತಿ. ಇದರ ಮ್ಯಾಲೆ ಇನ್ನೂ ಹೋಗಿಲ್ಲ.”

ಅವರು ಬುಟ್ಟಿಯಿಂದ ಒಂದು ದೊಡ್ಡ ಕಿತ್ತಳೆ ಚೆಂಡನ್ನು ಆರಿಸಿ, ಕೈಪಿಡಿಯಂತೆ ಎರಡು ಬೆರಳಿನಿಂದ ಒತ್ತಿ ನೋಡಿ, ನೆಲದ ಮೇಲೆ ಇಟ್ಟರು. ಅವರ ಹೆಂಡತಿ ಚಂದ್ರಭಾಗಾಬಾಯಿ ಆಚೆ ಮರದ ನೆರಳಿನಲ್ಲಿ ಡಬ್ಬಿ ಹಿಡಿದು ಕುಳಿತಿದ್ದರು. “ಮೊಳಕಾಲು ನೋಡ್ಕೋರಿ, ಹೂವಿಗೆ ಅಷ್ಟ ಜೋರು ಬೇಕಿಲ್ಲ” ಎಂದು ಕೂಗಿದರು. ಬಾಳಕೃಷ್ಣ ಅವರು ಕೇಳಿಸಿಕೊಳ್ಳಲಿಲ್ಲ. ಉಳಿದ ಆಯುಷ್ಯದ ಹೊಡೆತಗಳನ್ನೆಲ್ಲ ಒಟ್ಟುಗೂಡಿಸಿ ಹೊಡೆದರು.

ಚೆಂಡು ಒಡೆದು ಎಸಳೆಸಳಾಯಿತು. ತೊಟ್ಟು ಕೈಯಳತೆಯ ದೂರದಲ್ಲಿ ಬಿತ್ತು. ಎಸಳುಗಳು ಮೇಲಕ್ಕೆ ಎದ್ದವು. ಕಣಕುಂಬಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಕೆಲವು ಹುಲ್ಲಿಗೆ, ಕೆಲವು ನೀರಿಗೆ ಬಿದ್ದವು. ಉಳಿದವು ಹಳ್ಳದ ಮೇಲೆ ತೇಲಿಹೋಗಿ ಆಚೆ ದಂಡೆಯ ಮೇಲೆ ಇಳಿದವು. ಒಂದು, ಅಲ್ಲಿ ಮೇಯುತ್ತಿದ್ದ ಎಮ್ಮೆಯ ಬೆನ್ನ ಮೇಲೆ ಕುಳಿತಿತು.

ಬಾಳಕೃಷ್ಣ ಅವರು ಹೊಡೆದ ಭಂಗಿಯಲ್ಲೇ ನಿಂತಿದ್ದರು. ನೆಟ್ಟಗಾಗಲು ಮೊಳಕಾಲು ಬಿಡಲಿಲ್ಲ. ಗೌರವರು ನಿಯಮದ ಪುಸ್ತಕ ತಿರುವಿ, ಚೆಂಡಿನ ಭಾಗ ದಾಟಿದರೆ ಚೆಂಡು ದಾಟಿದಂತೆ ಎಂದು ಎಲ್ಲೂ ಇಲ್ಲ, ಇಡೀ ಚೆಂಡು ದಾಟತಕ್ಕದ್ದು ಎಂದೇ ಇದೆ ಎಂದರು. ಆ ವಾಕ್ಯ ಬರೆದವರು ಬಾಳಕೃಷ್ಣ ಅವರೇ. ಅವರು ಕಣ್ಣನ್ನು ನನ್ನ ಕಡೆ ತಿರುಗಿಸಿದರು. ಎಲ್ಲರೂ ತಿರುಗಿಸಿದರು.

ಇಲ್ಲಿ ನನಗೆ ಸುಳ್ಳು ಹೇಳುವ ಅಗತ್ಯ ಬರಲಿಲ್ಲ ಎಂಬುದನ್ನು ದಾಖಲಿಸಬೇಕು. ಹೂಬೆಳೆ ಕಚೇರಿಯಲ್ಲಿ ಕಲಿತದ್ದನ್ನೇ ಹೇಳಿದೆ.

“ಚೆಂಡಿನಲ್ಲಿ ನಾವು ಎಸಳು ಅನ್ನೋದು ಎಸಳಲ್ಲ. ಒಂದೊಂದೂ ಒಂದು ಪೂರ್ತಿ ಹೂವು. ಸಾವಿರ ಹೂವು ಕೂಡಿ ಒಂದರ ಹಾಗೆ ಕಾಣುತ್ತೆ, ಅಷ್ಟೆ. ಇದು ಸಸ್ಯಶಾಸ್ತ್ರ. ಎಮ್ಮೆ ಮೇಲೆ ಕೂತಿದೆಯಲ್ಲ, ಅದು ಇಡೀ ಚೆಂಡು.”

ಡಾಕ್ಟರು ಫೋನಿನಲ್ಲಿ ಹುಡುಕಿ ನೋಡಿ, ಖರೇ ಅದ ಎಂದರು. ಒಂದೇ ಹೊಡೆತಕ್ಕೆ ಬಾಳಕೃಷ್ಣ ಅವರು ಎಷ್ಟು ಚೆಂಡು ದಾಟಿಸಿದರೆಂದು ಎಣಿಸಲು ಸದಸ್ಯರು ಆಚೆ ದಂಡೆಗೆ ಹೋಗಬೇಕಾಯಿತು. ಎಮ್ಮೆ ಅಷ್ಟರಲ್ಲಿ ಕೆಲವನ್ನು ತಿಂದಿದ್ದರಿಂದ ‘ಅಸಂಖ್ಯ’ ಎಂದು ದಾಖಲಾಯಿತು. ನೀರಿಗೆ ಬಿದ್ದವನ್ನು ಹಿಂದಿನ ಬಾಕಿಗೆ ಸೇರಿಸಲಾಯಿತು. ಚಂದ್ರಭಾಗಾಬಾಯಿ ಬಂದು ಗಂಡನ ಸೊಂಟ ಹಿಡಿದು ನೆಟ್ಟಗೆ ಮಾಡಿ, ಕಣ್ಣಿಗೆ ಧೂಳು ಬಿತ್ತೇನ್ರೀ ಎಂದು ಕೇಳಿದರು. ಹೌದು, ಧೂಳೇ ಎಂದು ಕ್ಯಾಪ್ಟನ್ ಸಾಹೇಬರು ಒಪ್ಪಿಕೊಂಡರು.

ಆಗಿನಿಂದ ಸಂಘದ ಅಧಿಕೃತ ಚೆಂಡು ಅದೇ. ಹಳ್ಳ ದಾಟಿಸದ ಸದಸ್ಯರು ಈಗ ಒಬ್ಬರೂ ಇಲ್ಲ. ಗಾಳಿ ಇಲ್ಲದ ದಿನ ಪಂದ್ಯ ಇಡುವುದಿಲ್ಲ. ನವರಾತ್ರಿಯಲ್ಲಿ ಚೆಂಡಿನ ದರ ಏರುವುದರಿಂದ ಆಟಕ್ಕೆ ರಜೆ. ಹೊಡೆದ ಚೆಂಡನ್ನು ದೇವರಿಗೆ ಏರಿಸತಕ್ಕದ್ದಲ್ಲ, ದೇವರಿಗೆ ಏರಿಸಿದ್ದನ್ನು ಹೊಡೆಯತಕ್ಕದ್ದಲ್ಲ ಎಂಬ ತಿದ್ದುಪಡಿ ಮಹಿಳಾ ಸದಸ್ಯರ ಒತ್ತಾಯದ ಮೇರೆಗೆ ಬಂದಿದೆ. ಬಾಳಕೃಷ್ಣ ಅವರ ಮೊಳಕಾಲುಗಳು ಹೊಸವಾಗಿವೆ. ಈಗ ಅವರು ಹೊಡೆಯುವುದಿಲ್ಲ, ಗಾಳಿ ಯಾವ ಕಡೆಯದೆಂದು ನಿಂತು ಹೇಳುತ್ತಾರೆ.

ಕಳೆದ ತಿಂಗಳು ಗೋವಾ ಕಡೆಯಿಂದ ಒಂದು ತಂಡ ಸ್ನೇಹಪಂದ್ಯಕ್ಕೆ ಬಂದಿತ್ತು. ದಾರಿಯುದ್ದಕ್ಕೂ ಕಾಪಾಡಿಕೊಂಡು ತಂದ ಬಿಳಿ ಚೆಂಡುಗಳನ್ನು ಹೊರತೆಗೆದರು. ಅವುಗಳಲ್ಲಿ ಒಂದೇ ಒಂದು ಎಸಳೂ ಇಲ್ಲದ ಕಾರಣ ಉಪಸಮಿತಿ ವಿಷಾದದಿಂದ ತಿರಸ್ಕರಿಸಿತು. ಅವರು ತಮ್ಮತಮ್ಮಲ್ಲೇ ಕೊಂಕಣಿಯಲ್ಲಿ ಸ್ವಲ್ಪ ಮಾತಾಡಿಕೊಂಡು, ನಮ್ಮ ಚೆಂಡಿನಲ್ಲೇ ಆಡಿ, ಹಳ್ಳ ದಾಟಿಸಿ, ಹೋಗುವಾಗ ಎರಡು ಬುಟ್ಟಿ ಕೊಂಡೊಯ್ದರು. ಅವರ ಕಡೆ ಗಾಳಿ ಇನ್ನೂ ಚಲೋ ಇದೆಯಂತೆ.