ಅಂಬಕ್ಕನ ಗಂಟಲಲ್ಲಿ ಒಗ್ಗರಣೆ

"ನೋಡ್ರಿ ಅಂಬಕ್ಕಾ, ಈ ಚಮಚಾದಾಗ ಎರಡು ಕೋಟಿ ಔಷಧದಂಗಡಿ ಅವ!"

ಧಾರವಾಡದ ನಿವೃತ್ತ ರಸಾಯನಶಾಸ್ತ್ರದ ಮಾಸ್ತರರಾದ ನರಹರಿ ಕಟ್ಟಿಯವರು ಚಿಟಿಕೆ ಬಿಳಿ ಪುಡಿಯನ್ನು ಪಕ್ಕದ ಮನೆಯ ಗಾಯಕಿ ಅಂಬುಜಾಬಾಯಿಯ ಮುಂದೆ ಹಿಡಿದರು. ಅಂಬುಜಾಬಾಯಿಯ ಗಂಟಲು ಕಟ್ಟಿ ನಾಲ್ಕು ದಿನವಾಗಿತ್ತು. ಸಂಜೆಗೇ ಕಛೇರಿ. ಸಂಗೀತ ಸಭೆಯವರು ಕರೆದಿದ್ದೇ ಆರು ವರ್ಷದ ಮೇಲೆ. ಇದೂ ತಪ್ಪಿದರೆ ಮತ್ತೆ ಕರೆಯುವವರು ಯಾರು?

"ಒಂದೊಂದು ಕಣಕ್ಕೂ ಕಣ್ಣಿಗೆ ಕಾಣದ ಸಾವಿರ ತೂತು. ತೂತಿನ ತುಂಬ ಔಷಧ. ಗಂಟಲು ಬಿಸಿ ಆದಂಗ ತೂತು ತೆರೀತಾವ, ಔಷಧ ಅಲ್ಲೇ ಇಳೀತದ!"

"ಹೋದ ಸಲ ಇವರ ಸೊಳ್ಳಿ ಓಡಿಸೋ ಯಂತ್ರಕ್ಕ ನಮ್ಮ ಬೆಕ್ಕು ಓಡಿಹೋತು," ಎಂದರು ಮಾಸ್ತರರ ಹೆಂಡತಿ ಇಂದುಮತಿ.

"ಸೊಳ್ಳೀನೂ ಹೋದ್ವಲ್ಲ!"

"ಎಲ್ಲಿ ಹೋದ್ವು? ಇಲ್ಲೇ ಅವ!"

ಬೇರೆ ದಾರಿಯಿಲ್ಲದೆ ಅಂಬುಜಾಬಾಯಿ ಕಣ್ಣು ಮುಚ್ಚಿ ನುಂಗಿದರು. ಆಶ್ಚರ್ಯ! ಮಧ್ಯಾಹ್ನದ ಹೊತ್ತಿಗೆ ದನಿ ಬಿಟ್ಟುಕೊಂಡಿತು.

ಸಂಜೆ ಯಮನ್ ರಾಗದ ಆಲಾಪ ಚೆಂದವಾಗಿಯೇ ಸಾಗಿತು. ವೇಗದ ತಾನಗಳು ಶುರುವಾಗಿ ಗಂಟಲು ಕಾದದ್ದೇ ತಡ, ಸಭಾಗೃಹದಲ್ಲಿ ಘಮ್ಮೆಂದು ಇಂಗಿನ ವಾಸನೆ!

"ಆಹಾ!" ಎಂದರು ಮುಂದಿನ ಸಾಲಿನವರೊಬ್ಬರು. ಅಂಬುಜಾಬಾಯಿ ಹಿಗ್ಗಿದರು.

"ಸಾರು!" ಎಂದು ಆ ಸಾಲಿನವರೇ ಮಾತು ಮುಗಿಸಿದರು.

ತಾನ ಏರಿದಷ್ಟೂ ವಾಸನೆ ಏರಿತು. ತಬಲಾದವರ ಹೊಟ್ಟೆ ತಾಳ ತಪ್ಪಿ ಗುರುಗುಟ್ಟಿತು. ಒಬ್ಬರೆದ್ದರು, ಹತ್ತು ಜನ ಎದ್ದರು, ಆಮೇಲೆ ಸಾಲುಸಾಲೇ ಎದ್ದು ಎದುರಿನ ಖಾನಾವಳಿಗೆ ನುಗ್ಗಿತು. "ಎರಡು ನಿಮಿಷ ಬಂದೆ ಬಾಯಾರ," ಎಂದು ತಬಲಾದವರೂ ಹೋದರು!

ಉಳಿದವರು ಮೂಲೆಯ ಕುರ್ಚಿಯ ಮುದುಕರೊಬ್ಬರೇ. ಅಂಬುಜಾಬಾಯಿಗೆ ಅಳು ಉಕ್ಕಿತು. ಆದರೂ ಅವರೊಬ್ಬರಿಗಾಗಿ ಪೂರ್ತಿ ಹಾಡಿದರು. ಮುದುಕರು ಕಣ್ಣೊರೆಸಿಕೊಳ್ಳುತ್ತ ಬಂದರು.

"ಇಂಥ ಯಮನ್ ಕೇಳಿ ಭಾಳ ವರ್ಷ ಆಗಿತ್ತವ್ವಾ. ಮಂದಿ ಯಾಕ ಎದ್ದುಹೋದ್ರು? ನನಗ ನೆಗಡಿ ಬಂದು ಮೂಗು ಕಟ್ಯದ, ಏನೂ ತಿಳೀವಲ್ದು."

ಮರುದಿನ ಬೆಳಗ್ಗೆ ಅಂಬುಜಾಬಾಯಿ ಮಾಸ್ತರರ ಬಾಗಿಲು ಬಡಿದರು.

"ನಾ ಹಾಡಿದ್ರ ಇಂಗಿನ ವಾಸನಿ ಬರ್ತದ! ಪುಡಿ ಎಲ್ಲಿ ಒಣಗಿಸಿದ್ರಿ?"

"ಔಷಧ ತುಂಬೋಕಿಂತ ಮೊದಲು ಅಡಿಗಿಮನಿ ಕಪಾಟಿನ್ಯಾಗ..."

"ಇಂಗಿನ ಡಬ್ಬಿ ಮಗ್ಗಲಿಗೆ!" ಇಂದುಮತಿ ಹಣೆ ಚಚ್ಚಿಕೊಂಡರು. "ಮುಚ್ಚಳಾನೂ ಇರಲಿಲ್ಲ!"

"ಹಂಗಾರ ಒಳಗಿನ ತೂತಿಗೆಲ್ಲ ಇಂಗು, ಹೊರಗಿನ ತೂತಿಗಷ್ಟೇ ಔಷಧ," ಎಂದು ಮಾಸ್ತರರು ಕುತೂಹಲದಿಂದ ಬರೆದುಕೊಂಡರು.

"ಯಾವಾಗ ಮುಗೀತದ ಇದು?"

"ತಿಂಗಳಾದ್ರೂ ಬೇಕು! ಸಾವಕಾಶ ಬಿಡೋದೇ ಇದರ ಹೆಚ್ಚುಗಾರಿಕಿ!"

ಅಂಬುಜಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಖಾನಾವಳಿಯ ಮಾಲೀಕರು ಶಾಲು, ತೆಂಗಿನಕಾಯಿ ಹಿಡಿದು ಬಂದರು. ತಿಂಗಳಿಡೀ ಊಟದ ಹೊತ್ತಿಗೆ ತಮ್ಮಲ್ಲೇ ಹಾಡಬೇಕಂತೆ!

"ಅಲ್ಲೂ ಮಂದಿ ಹಾಡಿನ ನಡುವ ಎದ್ದುಹೋದ್ರ?"

"ಹೆಂಗ ಹೋಗ್ತಾರ ಬಾಯಾರ? ನೀವು ಶುರು ಮಾಡಿದ ಮ್ಯಾಲೇ ಬಡಸ್ತೀವಿ, ನೀವು ಮುಗಿಸಿದ ಮ್ಯಾಲೇ ಮಜ್ಜಿಗಿ!"